ಮಡಿಚಿದವರ ಹೆಸರು

ವಾಟ್ಸಾಪ್‌ನಲ್ಲಿ ಒಂದು ಕಥೆ ಸುತ್ತುತ್ತಲೇ ಇರುತ್ತೆ. ನಿಮಗೂ ಬಂದಿರಬಹುದು. ಎರಡನೇ ಮಹಾಯುದ್ಧದ ಕಾಲ. ಪ್ಯಾರಾಚೂಟ್ ತಯಾರಿಸುವ ಕಂಪನಿಯೊಂದು, ನಮ್ಮ ಮಾಲು ನೂರಕ್ಕೆ ತೊಂಬತ್ತೈದು ಸರಿ ಇರುತ್ತೆ, ಅದಕ್ಕಿಂತ ಹೆಚ್ಚು ಆಗಲ್ಲ ಅಂತ ಸೇನೆಗೆ ಹೇಳುತ್ತೆ. ಸೇನಾಧಿಕಾರಿ ಕಾರ್ಖಾನೆಗೆ ಬಂದು, ಇವತ್ತು ತಯಾರಾದ ರಾಶಿಯಿಂದ ಒಂದನ್ನು ಕಟ್ಟಿಕೊಂಡು ನೀವೇ ಹಾರಿ ನೋಡೋಣ ಅಂತಾನೆ. ಮಾರನೇ ದಿನದಿಂದ ಗುಣಮಟ್ಟ ನೂರಕ್ಕೆ ನೂರು!

ಕೇಳೋಕೆ ಚೆನ್ನಾಗಿದೆ. ಆಫೀಸಿನ ತರಬೇತಿ ಶಿಬಿರಗಳಲ್ಲಿ ಚಪ್ಪಾಳೆಯೂ ಬೀಳುತ್ತೆ. ಆದರೆ ಕಂಪನಿಯ ಹೆಸರಿಲ್ಲ, ಅಧಿಕಾರಿಯ ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಇಂಥ ಸುದ್ದಿಯನ್ನು ವರದಿಗಾರ ತಂದರೆ ನಮ್ಮ ಡೆಸ್ಕಿನವರು ಹಾಗೇ ವಾಪಸ್ ಕಳಿಸ್ತಾರೆ. ನನಗೆ ಈ ಕಥೆ ಹಿಡಿಸದಿರೋದಕ್ಕೆ ಇನ್ನೊಂದು ಕಾರಣವಿದೆ. ಹೆದರಿಸಿದರೆ ಕೆಲಸ ಸರಿಯಾಗುತ್ತೆ ಅಂತ ಇದು ಹೇಳುತ್ತೆ. ಪ್ಯಾರಾಚೂಟ್ ಜಗತ್ತಿನಲ್ಲಿ ಜೀವ ಉಳಿಸಿದ್ದು ಹೆದರಿಕೆಗಿಂತ ಹೆಚ್ಚಾಗಿ ಒಂದು ಉದ್ದ ಮೇಜು, ಒಂದು ಸಣ್ಣ ಕಾರ್ಡು ಮತ್ತು ಅದರ ಮೇಲಿನ ಒಂದು ಸಹಿ.

ಸಮಸ್ಯೆ ಏನು ಅಂತ ಮೊದಲು ನೋಡಿ. ಕಾರಿನ ಬ್ರೇಕನ್ನು ರಸ್ತೆಗೆ ಇಳಿಸುವ ಮುಂಚೆ ಒತ್ತಿ ನೋಡಬಹುದು. ಮಡಿಚಿಟ್ಟ ಪ್ಯಾರಾಚೂಟ್ ಸರಿಯಾಗಿ ತೆರೆದುಕೊಳ್ಳುತ್ತಾ ಅಂತ ಪರೀಕ್ಷಿಸಬೇಕಾದರೆ ತೆರೆಯಲೇಬೇಕು. ತೆರೆದಮೇಲೆ ಅದು ನೀವು ಪರೀಕ್ಷಿಸಿದ ಮಡಿಕೆಯಾಗಿ ಉಳಿಯೋದೇ ಇಲ್ಲ, ಮತ್ತೆ ಮಡಿಚಬೇಕು. ಬೆಂಕಿಕಡ್ಡಿ ಇದ್ದ ಹಾಗೆ. ಗೀರಿ ನೋಡಿದರೆ ಮುಗೀತು. ಎಂಜಿನಿಯರಿಂಗ್ ಓದಿದವರಿಗೆ ಇದು ತಲೆಬಿಸಿಯ ಪ್ರಶ್ನೆ: ಪರೀಕ್ಷಿಸಲಾಗದ ವಸ್ತುವನ್ನು ನಂಬೋದು ಹೇಗೆ?

ಮೊದಮೊದಲು ಈ ಪ್ರಶ್ನೆಯೇ ಇರಲಿಲ್ಲ. ಹೊಲಿದವನೇ ಮಡಿಚುತ್ತಿದ್ದ, ಮಡಿಚಿದವನೇ ಹಾರುತ್ತಿದ್ದ. 1797ರಲ್ಲಿ ಪ್ಯಾರಿಸ್‌ನಲ್ಲಿ ಬಲೂನಿನಿಂದ ಇಳಿದ ಆಂಡ್ರೆ ಗಾರ್ನರಿನ್ ಹಾಗೇ ಮಾಡಿದ, ಬದುಕಿದ. 1912ರ ಫೆಬ್ರವರಿ 4ರಂದು ಫ್ರಾನ್ಸ್ ರೈಶೆಲ್ಟ್ ಎಂಬ ದರ್ಜಿ ತಾನೇ ಹೊಲಿದ ಪ್ಯಾರಾಚೂಟ್ ದಿರಿಸು ತೊಟ್ಟು ಐಫೆಲ್ ಗೋಪುರದ ಮೊದಲ ಅಂತಸ್ತಿನಿಂದ, ಅಂದರೆ ಸುಮಾರು 57 ಮೀಟರ್ ಎತ್ತರದಿಂದ ಹಾರಿದ. ಬೊಂಬೆ ಎಸೆದು ನೋಡ್ತೀನಿ ಅಂತ ಅನುಮತಿ ಪಡೆದವನು ಕೊನೇ ಗಳಿಗೆಯಲ್ಲಿ ತಾನೇ ಹಾರಿಬಿಟ್ಟ. ಕ್ಯಾಮೆರಾಗಳ ಮುಂದೆಯೇ ಪ್ರಾಣ ಹೋಯಿತು. ಆ ಚಿತ್ರೀಕರಣ ಇವತ್ತಿಗೂ ಇದೆ.

1919ರ ಏಪ್ರಿಲ್ 28ರಂದು ಅಮೆರಿಕದ ಡೇಟನ್ ನಗರದ ಮೆಕುಕ್ ಫೀಲ್ಡ್‌ನಲ್ಲಿ ಲೆಸ್ಲಿ ಇರ್ವಿನ್ ವಿಮಾನದಿಂದ ಹಾರಿ, ಗಾಳಿಯಲ್ಲಿ ಬೀಳುತ್ತಿರುವಾಗಲೇ ರಿಪ್‌ಕಾರ್ಡ್ ಎಳೆದು ಪ್ಯಾರಾಚೂಟ್ ಬಿಚ್ಚಿದ. ನೆಲಕ್ಕಿಳಿಯುವಾಗ ಕಾಲಿನ ಕೀಲು ಮುರೀತು, ಆದರೆ ಬೆನ್ನಿಗೆ ಕಟ್ಟಿಕೊಳ್ಳುವ ಗಂಟು ಕೆಲಸ ಮಾಡುತ್ತೆ ಅಂತ ಸಾಬೀತಾಯಿತು. ಆತ ಕಂಪನಿ ಶುರು ಮಾಡಿದ. ನೋಂದಣಿಯಲ್ಲಿ ಗುಮಾಸ್ತರ ಕೈತಪ್ಪಿನಿಂದ ಇರ್ವಿನ್ ಹೋಗಿ ಇರ್ವಿಂಗ್ ಏರ್ ಚೂಟ್ ಕಂಪನಿ ಆಯಿತಂತೆ. ಅದನ್ನು ದಶಕಗಳ ಕಾಲ ತಿದ್ದಲೂ ಇಲ್ಲ. ಒಂದು ದಾರವೂ ತಪ್ಪಬಾರದ ವ್ಯಾಪಾರಕ್ಕೆ ಇಂಥ ಹೆಸರು!

ಮೂರು ವರ್ಷದ ನಂತರ, 1922ರ ಅಕ್ಟೋಬರ್ 20ರಂದು, ಅದೇ ಮೆಕುಕ್ ಫೀಲ್ಡ್‌ನ ಪರೀಕ್ಷಾ ಪೈಲಟ್ ಹೆರಾಲ್ಡ್ ಹ್ಯಾರಿಸ್ ಕೈಮೀರಿದ ವಿಮಾನದಿಂದ ಹಾರಿ ಬದುಕಿಕೊಂಡ. ಬೀಳುತ್ತಾ ರಿಪ್‌ಕಾರ್ಡ್ ಅಂದುಕೊಂಡು ಕಾಲಿನ ಪಟ್ಟಿಯನ್ನು ಎಳೆಯುತ್ತಿದ್ದನಂತೆ, ಕೊನೆಗೆ ಸರಿಯಾದ ಹಿಡಿಕೆ ಕೈಗೆ ಸಿಕ್ಕಿತು. ಹೀಗೆ ಪ್ಯಾರಾಚೂಟ್‌ನಿಂದ ಜೀವ ಉಳಿಸಿಕೊಂಡವರಿಗಾಗಿಯೇ ಕ್ಯಾಟರ್‌ಪಿಲ್ಲರ್ ಕ್ಲಬ್ ಹುಟ್ಟಿತು. ಸದಸ್ಯರಿಗೆ ಇರ್ವಿನ್ ಕಂಪನಿ ಕೊಡುತ್ತಿದ್ದದ್ದು ಪುಟ್ಟ ಚಿನ್ನದ ರೇಷ್ಮೆಹುಳು. ಆಗಿನ ಪ್ಯಾರಾಚೂಟ್ ರೇಷ್ಮೆಯದು, ಜೀವ ಉಳಿಸಿದ್ದು ಹುಳುವಿನ ನೂಲು.

ಇಲ್ಲಿಂದ ಒಂದು ದೊಡ್ಡ ಬದಲಾವಣೆ ಆಯಿತು. ಸೇನೆಗೆ ಸಾವಿರಾರು ಪ್ಯಾರಾಚೂಟ್ ಬೇಕಾದಾಗ ಹೊಲಿಯುವವರು ಒಬ್ಬರು, ಮಡಿಚುವವರು ಇನ್ನೊಬ್ಬರು, ಹಾರುವವರು ಮತ್ತೊಬ್ಬರು ಆದರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ರೈಶೆಲ್ಟ್‌ನ ತಪ್ಪು ರೈಶೆಲ್ಟ್‌ನನ್ನು ಕೊಂದಿತು. ಈಗ ಯಾರದೋ ಅವಸರಕ್ಕೆ ಇನ್ಯಾರೋ ಸಾಯುವ ಸ್ಥಿತಿ ಬಂತು.

ಅಮೆರಿಕದ ನೌಕಾಪಡೆ 1924ರಲ್ಲಿ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಮಡಿಚುವವರಿಗೆ ಅಂತಲೇ ಶಾಲೆ ತೆರೆಯಿತು. ಅಲ್ಲಿ ಕಲಿತವರು ತಾವು ಮಡಿಚಿದ್ದನ್ನೇ ಕಟ್ಟಿಕೊಂಡು ಹಾರಬೇಕಿತ್ತು. ವಾಟ್ಸಾಪ್ ಕಥೆಗೆ ಬೀಜ ಇಲ್ಲೇ ಎಲ್ಲೋ ಸಿಕ್ಕಿರಬಹುದು. ಆದರೆ ಇಲ್ಲಿ ಯಾರೋ ಬಂದು ಮಾಲೀಕನನ್ನು ಬೆದರಿಸಲಿಲ್ಲ. ಕಲಿತ ಕೆಲಸಕ್ಕೆ ಇದೇ ಕೊನೆಯ ಪರೀಕ್ಷೆಯಾಗಿತ್ತು. ಯುದ್ಧ ಬಂದಾಗ ಬ್ರಿಟನ್‌ನ ರಿಂಗ್‌ವೇ ತರಬೇತಿ ಕೇಂದ್ರದಲ್ಲಿ ಮಡಿಚುವ ಕೆಲಸ ಮಾಡಿದವರು ವಾಯುಪಡೆಯ ಮಹಿಳೆಯರು. ನೀನು ಮಡಿಚುವ ಪ್ರತಿ ಪ್ಯಾರಾಚೂಟ್ ಮೇಲೂ ಒಬ್ಬನ ಪ್ರಾಣ ನಿಂತಿದೆ ಎಂಬರ್ಥದ ಫಲಕ ಅಲ್ಲಿ ನೇತಾಡುತ್ತಿತ್ತು.

ಈ ಯುದ್ಧಕ್ಕೂ ನಮ್ಮೂರಿಗೂ ಒಂದು ನೂಲಿನ ಸಂಬಂಧವಿದೆ. ಜಪಾನ್ ಶತ್ರುವಾದ ಮೇಲೆ ಅಲ್ಲಿನ ರೇಷ್ಮೆ ನಿಂತುಹೋಯಿತು. ಪ್ಯಾರಾಚೂಟ್‌ಗಾಗಿ ಮೈಸೂರು ಸೀಮೆಯ ರೇಷ್ಮೆಗೂ ಬೇಡಿಕೆ ಬಂತು. ಭಾರತದಲ್ಲಿ ಪ್ಯಾರಾಚೂಟ್ ಹೊಲಿಯಲು ಕಾನ್ಪುರದ ಕಾರ್ಖಾನೆ ಶುರುವಾದದ್ದೂ 1941ರಲ್ಲೇ. ಅತ್ತ ಅಮೆರಿಕದಲ್ಲಿ ನೈಲಾನ್ ಬಂತು. 1942ರ ಜೂನ್ 6ರಂದು ಕನೆಕ್ಟಿಕಟ್‌ನಲ್ಲಿ ಆಡಲೀನ್ ಗ್ರೇ ಎಂಬ ಯುವತಿ ನೈಲಾನ್ ಪ್ಯಾರಾಚೂಟ್‌ನಲ್ಲಿ ಹಾರಿ ತೋರಿಸಿದಳು. ಆಕೆ ಅದೇ ಪ್ಯಾರಾಚೂಟ್ ಕಂಪನಿಯ ಕೆಲಸಗಾರ್ತಿ.

ಈಗ ನಿಯಮಗಳ ವಿಷಯ. ಅಮೆರಿಕದ ನಾಗರಿಕ ವಿಮಾನಯಾನ ನಿಯಮಗಳನ್ನೇ ತೆಗೆದುಕೊಳ್ಳೋಣ, ಯಾಕಂದ್ರೆ ಸ್ಕೈಡೈವಿಂಗ್ ಲೋಕದ ದೊಡ್ಡ ಭಾಗ ಅದರ ಕಡೆ ನೋಡುತ್ತೆ. ಸ್ಕೈಡೈವರ್ ಬೆನ್ನ ಮೇಲೆ ಎರಡು ಪ್ಯಾರಾಚೂಟ್ ಇರಬೇಕು. ಮೊದಲನೆಯದು ಮೇನ್, ಅದು ಕೈಕೊಟ್ಟರೆ ರಿಸರ್ವ್. ಮೇನ್ ಅನ್ನು ಮುಂದಿನ ಸಲ ಹಾರುವವರೇ ಮಡಿಚಿಕೊಳ್ಳಬಹುದು. ರಿಸರ್ವ್ ಅನ್ನು ಮಾತ್ರ ಸರ್ಕಾರದ ಪ್ರಮಾಣಪತ್ರ ಇರುವ ರಿಗ್ಗರ್ ಬಿಟ್ಟು ಬೇರೆಯವರು ಮುಟ್ಟುವಂತಿಲ್ಲ. ಸೀನಿಯರ್ ರಿಗ್ಗರ್ ಆಗಬೇಕಾದರೆ ಆ ಬಗೆಯ ಪ್ಯಾರಾಚೂಟ್‌ಗಳನ್ನು ಮೇಲ್ವಿಚಾರಣೆಯಲ್ಲಿ ಕನಿಷ್ಠ 20 ಸಲ ಮಡಿಚಿರಬೇಕು. ಮಾಸ್ಟರ್ ಆಗಲು ಮೂರು ವರ್ಷದ ಅನುಭವ, ಎರಡು ಬಗೆಗಳಲ್ಲಿ ತಲಾ ನೂರು.

ಮೇಜಿನ ಅಳತೆಯೂ ಕಾನೂನಿನಲ್ಲಿದೆ: ನುಣುಪಾದ ಮೇಲ್ಮೈ, ಕನಿಷ್ಠ 3 ಅಡಿ ಅಗಲ, 40 ಅಡಿ ಉದ್ದ. ಗಾಳಿಗೆ ಹರಡಿ ಪೂರ್ತಿ ಒಣಗಿಸದ ಪ್ಯಾರಾಚೂಟ್ ಮಡಿಚಕೂಡದು. ಮುಗಿದ ಮೇಲೆ ಪ್ಯಾರಾಚೂಟ್ ಜೊತೆಗಿರುವ ಕಾರ್ಡಿನಲ್ಲಿ ದಿನಾಂಕ, ಸ್ಥಳ, ಕಂಡ ದೋಷ, ತನ್ನ ಸಹಿ, ಪ್ರಮಾಣಪತ್ರದ ಸಂಖ್ಯೆ ಎಲ್ಲ ಬರೆಯಬೇಕು. ತನ್ನ ರಿಜಿಸ್ಟರಿನಲ್ಲೂ ಬರೆದು ಎರಡು ವರ್ಷ ಜೋಪಾನ ಮಾಡಬೇಕು. ಆಮೇಲೆ ಸೀಲ್. ಪ್ರತಿ ರಿಗ್ಗರ್‌ಗೂ ತನ್ನದೇ ಗುರುತಿನ ಮುದ್ರೆ ಇರುತ್ತೆ. ರಿಪ್‌ಕಾರ್ಡಿನ ಪಿನ್ನಿಗೆ ತೆಳು ದಾರ ಕಟ್ಟಿ, ಸಣ್ಣ ಸೀಸದ ಗುಂಡಿಗೆ ಅದನ್ನು ಒತ್ತಿದರೆ ಆಯಿತು. ದಾರ ಕಿತ್ತಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ.

ಪರೀಕ್ಷಿಸಲಾಗದ ವಸ್ತುವನ್ನು ನಂಬೋದು ಹೇಗೆ ಅಂತ ಕೇಳಿದೆನಲ್ಲ, ಕಾನೂನು ಕೊಟ್ಟ ಉತ್ತರ ಇದು. ವಸ್ತುವನ್ನು ಪರೀಕ್ಷಿಸಲಾಗದಿದ್ದರೆ ಮಡಿಚುವ ಕೈಯನ್ನು ಮೊದಲೇ ಪರೀಕ್ಷಿಸು, ಆ ಕೈಯ ಹೆಸರನ್ನು ವಸ್ತುವಿಗೇ ಕಟ್ಟು.

ಎಷ್ಟು ದಿನಕ್ಕೊಮ್ಮೆ ಬಿಚ್ಚಿ ಮತ್ತೆ ಮಡಿಚಬೇಕು? ಒಂದು ಕಾಲದಲ್ಲಿ 60 ದಿನ ಇತ್ತು, ಆಮೇಲೆ 120, 2008ರ ಕೊನೆಯಲ್ಲಿ 180 ಆಯಿತು. ಸುರಕ್ಷತೆಯ ನಿಯಮ ಸಡಿಲ ಮಾಡಿದರು ಅಂತ ಸುದ್ದಿಯ ಪಟ್ಟಿ ಓಡಿಸಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಇವತ್ತಿನ ನೈಲಾನ್ ಸುಮ್ಮನೆ ಚೀಲದಲ್ಲಿದ್ದರೆ ಅಷ್ಟು ಬೇಗ ಕೆಡಲ್ಲ, ಪದೇ ಪದೇ ಎಳೆದು ಒತ್ತಿ ಮಡಿಚುವುದರಿಂದಲೇ ಬಟ್ಟೆ ಸವೆಯುತ್ತೆ ಎಂಬ ವಾದ ಗೆದ್ದಿತು. ವಿಮಾನದ ಪೈಲಟ್‌ಗಳು ಆಪತ್ತಿಗೆ ಇಟ್ಟುಕೊಳ್ಳುವ ಪ್ಯಾರಾಚೂಟ್ ರೇಷ್ಮೆಯದಾಗಿದ್ದರೆ ಮಾತ್ರ ಇವತ್ತಿಗೂ 60 ದಿನವೇ. ರೇಷ್ಮೆ ಸೀರೆಯನ್ನು ಆಗಾಗ ಬಿಚ್ಚಿ ಮಡಿಕೆ ಬದಲಿಸುವ ನಮ್ಮ ಅಜ್ಜಿಯರಿಗೆ ಇದರ ಕಾರಣ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಂತ ಬಿಚ್ಚಿ ನೋಡೋದು ಬರೀ ಶಾಸ್ತ್ರವೂ ಅಲ್ಲ. 1980ರ ದಶಕದಲ್ಲಿ ಒಂದು ವಿಚಿತ್ರ ಬಯಲಾಯಿತು. ಕೆಲವು ದುಂಡನೆಯ ರಿಸರ್ವ್ ಪ್ಯಾರಾಚೂಟ್‌ಗಳು ಒಮ್ಮೆಯೂ ಬಳಸದೆಯೇ, ನೋಡೋಕೆ ಹೊಚ್ಚ ಹೊಸದರಂತಿದ್ದರೂ, ಬಟ್ಟೆ ಕೈಯಲ್ಲಿ ಎಳೆದರೆ ಹರಿಯುತ್ತಿತ್ತು. ಕಳ್ಳ ಒಳಗೇ ಇದ್ದ. ಅಂಚಿನಲ್ಲಿ ಹೊಲಿದಿದ್ದ ಜಾಲರಿ ಬಟ್ಟೆಯಲ್ಲಿ ಆಮ್ಲದ ಅಂಶವಿತ್ತು. ಬಿಗಿಯಾಗಿ ಮಡಿಚಿದಾಗ ಅದು ಪಕ್ಕದ ನೈಲಾನ್‌ಗೆ ತಾಗಿ, ತಿಂಗಳುಗಟ್ಟಲೆ ಕತ್ತಲಲ್ಲಿ ಕೂತು ತಿಂದುಹಾಕುತ್ತಿತ್ತು. ಹೊಲಿದವರ ಕೈ ಸರಿ, ಮಡಿಚಿದವರ ಕೈ ಸರಿ, ಬಟ್ಟೆ ಮಾತ್ರ ಕೆಟ್ಟಿತ್ತು. ಆಗ ರಿಗ್ಗರ್‌ಗಳ ಮೇಜಿನ ಮೇಲೆ ರಸಾಯನಶಾಸ್ತ್ರದ ಲ್ಯಾಬಿನ ಬ್ರೋಮೋಕ್ರೆಸಾಲ್ ಗ್ರೀನ್ ಬಂತು. ಜಾಲರಿಗೆ ಹನಿ ಹಾಕಿದಾಗ ಹಳದಿಗೆ ತಿರುಗಿದರೆ ಆಮ್ಲವಿದೆ ಅಂತ ಲೆಕ್ಕ. ಜೊತೆಗೆ ಬಟ್ಟೆಗೆ ಎರಡು ಕಡೆ ಕ್ಲಾಂಪ್ ಹಾಕಿ, ಸ್ಪ್ರಿಂಗ್ ತಕ್ಕಡಿಯಿಂದ ಸುಮಾರು 40 ಪೌಂಡ್ ಬಲದಲ್ಲಿ ಎಳೆದು ನೋಡುವ ಪರೀಕ್ಷೆ. ಪ್ರತಿಯೊಂದಕ್ಕೂ ತಯಾರಕರ ಹೆಸರು, ಸರಣಿ ಸಂಖ್ಯೆ, ತಯಾರಾದ ದಿನ ಇದ್ದದ್ದರಿಂದಲೇ ಯಾವ್ಯಾವುದನ್ನು ಹುಡುಕಿ ಪರೀಕ್ಷಿಸಬೇಕು ಅಂತ ಗೊತ್ತಾಯಿತು.

1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋತ್ ಅವರ ಸೈಪ್ರೆಸ್ ಬಂತು. ಹಾರಿದವರಿಗೆ ಪ್ರಜ್ಞೆ ತಪ್ಪಿದರೂ, ಸುಮಾರು 750 ಅಡಿ ಎತ್ತರದಲ್ಲಿ ಇನ್ನೂ ವೇಗವಾಗಿ ಬೀಳುತ್ತಿದ್ದರೆ ಅದು ರಿಸರ್ವ್ ಮುಚ್ಚಿದ ದಾರವನ್ನು ತಾನೇ ಕತ್ತರಿಸುತ್ತೆ. ಇಬ್ಬರು ಒಟ್ಟಿಗೆ ಹಾರುವ ಟ್ಯಾಂಡಮ್ ಜಿಗಿತಕ್ಕೆ ಅಮೆರಿಕದಲ್ಲಿ ಇಂಥ ಯಂತ್ರ ಕಡ್ಡಾಯ. ಯಂತ್ರ ಕತ್ತರಿಸುವುದು ದಾರವನ್ನಷ್ಟೇ. ಒಳಗಿನ ಮಡಿಕೆ ಸರಿಯಿಲ್ಲದಿದ್ದರೆ ಅದೇನೂ ಮಾಡಲಾರದು.

ಸೀಲ್ ಬೀಗವೂ ಅಲ್ಲ. 2015ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ನೆದರೇವನ್‌ನಲ್ಲಿ ಒಬ್ಬ ಮಹಿಳೆಯ ಮೇನ್ ಸುತ್ತಿಕೊಂಡಿತು, ರಿಸರ್ವ್ ಕೂಡ ಕೈಕೊಟ್ಟಿತು. ನಾಲ್ಕು ಸಾವಿರ ಅಡಿಯಿಂದ ಉತ್ತ ಹೊಲಕ್ಕೆ ಬಿದ್ದು ಆಕೆ ಬದುಕಿದ್ದೇ ಪವಾಡ. ರಿಸರ್ವ್‌ನ ದಾರಗಳನ್ನು ಪಟ್ಟಿಗೆ ಜೋಡಿಸುವ ಕೊಂಡಿಗಳು ನಾಪತ್ತೆಯಾಗಿದ್ದವು. ಕೊಂಡಿಗಳು ಅಷ್ಟು ಸುಲಭವಾಗಿ ಕಳಚಿಕೊಳ್ಳುವಂಥವಲ್ಲ ಅಂತ ಗೊತ್ತಿದ್ದವರಿಂದಲೇ ಇದು ಅಪಘಾತವಲ್ಲ ಎಂಬ ಸಂಶಯ ಹುಟ್ಟಿತು. 2018ರಲ್ಲಿ ಆಕೆಯ ಗಂಡ, ಸೇನೆಯ ಸಾರ್ಜೆಂಟ್, ಕೊಲೆಯತ್ನದ ಅಪರಾಧಿ ಎಂದು ತೀರ್ಪಾಯಿತು.

ನಮ್ಮಲ್ಲಿ 2022ರಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿ ಬಂದಿದೆ. ಉಪಕರಣ, ತರಬೇತಿಗಳ ಸುರಕ್ಷತಾ ಮಾನದಂಡ ಮಾಡುವ ಹೊಣೆ ಆಯಾ ಕ್ರೀಡೆಯ ಸಂಘಗಳ ಮೇಲಿದೆ. ಮೈಸೂರಿನಲ್ಲೂ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. ಗಗನಯಾನದ ನೌಕೆಯನ್ನು ಸಮುದ್ರಕ್ಕಿಳಿಸಲು ಆಗ್ರಾದ ಡಿಆರ್‌ಡಿಒ ಪ್ರಯೋಗಾಲಯ ಸೇರಿ ರೂಪಿಸಿದ್ದು ಒಟ್ಟು ಹತ್ತು ಪ್ಯಾರಾಚೂಟ್. ಕೊನೆಯ ಮೂರು ದೊಡ್ಡವುಗಳಲ್ಲಿ ಎರಡು ತೆರೆದರೂ ಸಾಕು.

ಟ್ಯಾಂಡಮ್ ಹಾರೋಕೆ ಹೋಗುವ ನಮ್ಮ ಹುಡುಗರು ಮೊದಲು ಕೇಳೋದು ವಿಡಿಯೋ ಸಿಗುತ್ತಾ, ಎಷ್ಟು ಹೊತ್ತಿಗೆ ಸಿಗುತ್ತೆ ಅಂತ. ಕೇಳಲಿ, ತಪ್ಪೇನಿಲ್ಲ. ಅದಕ್ಕೂ ಮುಂಚೆ ರಿಸರ್ವ್‌ನ ಕಾರ್ಡ್ ತೋರಿಸಿ ಅನ್ನಬೇಕು. ಮಡಿಚಿದ ದಿನಾಂಕ ಓದಬೇಕು, ಸಹಿಯ ಪಕ್ಕದ ಸಂಖ್ಯೆ ನೋಡಬೇಕು. ಕಾರ್ಡ್ ಆಫೀಸಿನಲ್ಲಿದೆ, ನಾಳೆ ತೋರಿಸ್ತೀವಿ ಅಂದರೆ, ಜಿಗಿತವನ್ನೂ ನಾಳೆಗೇ ಇಟ್ಟುಕೊಳ್ಳಿ.