ಹಡಗಿನ ಬಾಲ್ಕನಿಯೂ ಸಿಗರೇಟಿನ ತುಣುಕೂ

ಬಾಲ್ಕನಿಯೆಂದರೆ ಹೊರಗಿನ ಜಾಗ, ಅಲ್ಲಿ ಸೇದಿದ್ದು ಗಾಳಿಗೆ ಹೋಯಿತು ಎಂದೇ ನಾವು ತಿಳಿದಿರುತ್ತೇವೆ. ವಿಹಾರನೌಕೆಗಳನ್ನು ಕಟ್ಟಿದವರೂ ಹಾಗೆಯೇ ತಿಳಿದಿದ್ದರು. ಕೋಣೆಯೊಳಗೆ ಬೆಂಕಿ ಕಂಡೊಡನೆ ನೀರು ಚಿಮುಕಿಸುವ ಸಾಧನವಿತ್ತು, ಬಾಲ್ಕನಿಗೆ ಇರಲಿಲ್ಲ.

2006ರ ಮಾರ್ಚ್ 23ರ ಬೆಳಗಿನ ಜಾವ, ಜಮೈಕಾದತ್ತ ಸಾಗಿದ್ದ 'ಸ್ಟಾರ್ ಪ್ರಿನ್ಸೆಸ್' ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹೊತ್ತಿತು. ಆರಿಸದೆ ಎಸೆದ ಸಿಗರೇಟಿನ ತುಣುಕೇ ಬಹುಶಃ ಕಾರಣವೆಂದು ಬ್ರಿಟನ್ನಿನ ತನಿಖೆ ಹೇಳಿತು. ಬಾಲ್ಕನಿಗಳ ನಡುವಣ ತಡಿಕೆ ಪಾಲಿಕಾರ್ಬೊನೇಟಿನದು, ನೆಲಹಾಸು ಪಾಲಿಯುರೆಥೇನಿನದು. ಎರಡೂ ಉರಿಯುವ ವಸ್ತುಗಳೇ. ಮೇಲಾಗಿ ಕಡಲ ಗಾಳಿ. ಬೆಂಕಿ ಅಂತಸ್ತಿನಿಂದ ಅಂತಸ್ತಿಗೆ ಏರಿತು. ಕೋಣೆಯ ಸಾಧನಗಳು ಬೆಂಕಿಯನ್ನು ತಡೆದವು, ಹೊಗೆಯನ್ನು ತಡೆಯಲಿಲ್ಲ. ಪ್ರಯಾಣಿಕರೊಬ್ಬರು ಆ ಹೊಗೆಯಿಂದಲೇ ಅಸುನೀಗಿದರು.

ಆಮೇಲೆ ಕಾನೂನು ಎಚ್ಚೆತ್ತಿತು. 2008ರ ಜುಲೈ 1ರಿಂದ ಅಂತರರಾಷ್ಟ್ರೀಯ ನಿಯಮ ಬಾಲ್ಕನಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು: ಸುಲಭವಾಗಿ ಉರಿಯದ ಪೀಠೋಪಕರಣವಿರಬೇಕು, ಇಲ್ಲವೇ ನೀರು ಸಿಂಪಡಿಸುವ ಹಾಗೂ ಬೆಂಕಿ ಪತ್ತೆಮಾಡುವ ಸಾಧನಗಳಿರಬೇಕು. ಸೇದುವುದನ್ನೇ ನಿಲ್ಲಿಸಿದವರು ಕಂಪೆನಿಗಳು: ಪ್ರಿನ್ಸೆಸ್ 2012ರಲ್ಲಿ, ಕಾರ್ನಿವಲ್ 2014ರಲ್ಲಿ.

ಕಚೇರಿಯಲ್ಲಿ ನಿಯಮಾವಳಿ ತಿರುವುವಾಗ ನಾವು ಗೊಣಗುವುದುಂಟು. ಒಂದೊಂದು ನಿಯಮದ ಹಿಂದೆ ಒಂದು ಜೀವ ಹೋಗಿರುತ್ತದೆಂಬುದು ನೆನಪಿರುವುದಿಲ್ಲ. ಹಡಗಿನ ಮಾತು ನಮಗೇಕೆ ಎನ್ನಬೇಡಿ. ಮಹಡಿ ಮನೆಗಳಲ್ಲಿರುವ ನಮ್ಮ ಕೆಳಗೂ ಇನ್ನೊಬ್ಬರ ಬಾಲ್ಕನಿಯಿದೆ.