ಮೆದುಳಿನ ಚಿತ್ರ ಓದೋದು ಯಾರು? ಸಿಟಿ ಸ್ಕ್ಯಾನ್‌ನಿಂದ ಎಐವರೆಗೆ



ಮನೆಯಲ್ಲಿ ಹಿರಿಯರೊಬ್ಬರು ಕಾಫಿ ಕುಡೀತಾ ಕೂತಿರ್ತಾರೆ. ಇದ್ದಕ್ಕಿದ್ದಂತೆ ಲೋಟ ಕೈಯಿಂದ ಜಾರುತ್ತೆ, ಬಾಯಿ ಸೊಟ್ಟಗಾಗುತ್ತೆ, ಮಾತು ತೊದಲುತ್ತೆ. ಲಕ್ವ ಹೊಡೀತು ಅಂತೀವಿ. ಆಸ್ಪತ್ರೆಗೆ ಓಡಿದರೆ ಡಾಕ್ಟರ್ ಹೇಳೋದು, ‘ಮೊದಲು ತಲೆಯ ಸಿಟಿ ಸ್ಕ್ಯಾನ್ ಆಗಲಿ.’ ಔಷಧಿ ಕೊಡೋದು ಬಿಟ್ಟು ಇದೇನು ಸ್ಕ್ಯಾನ್ ಅಂತ ನಮಗೆ ಸಿಟ್ಟೂ ಬರುತ್ತೆ. ಆ ಸ್ಕ್ಯಾನ್ ಯಾಕೆ ಬೇಕು, ಅದು ಎಲ್ಲಿಂದ ಬಂತು, ಈಗ ಅದನ್ನು ಡಾಕ್ಟರಿಗಿಂತ ಮುಂಚೆ ಕಂಪ್ಯೂಟರ್ ಓದುವ ಕಾಲ ಹೇಗೆ ಬಂತು ಅನ್ನೋದೇ ಇವತ್ತಿನ ಕಥೆ.

ಎಕ್ಸ್‌ರೇ ಬಂದದ್ದು 1895ರಲ್ಲಿ. ಮೂಳೆ ಕಂಡಿತು. ಆದರೆ ಮೆದುಳು ಕಾಣಲಿಲ್ಲ, ಯಾಕಂದ್ರೆ ಮೃದುವಾದ ಭಾಗಗಳೆಲ್ಲ ಎಕ್ಸ್‌ರೇಗೆ ಹೆಚ್ಚು ಕಡಿಮೆ ಒಂದೇ ಥರ. 1919ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಸರ್ಜನ್ ವಾಲ್ಟರ್ ಡ್ಯಾಂಡಿ ಒಂದು ದಾರಿ ಹುಡುಕಿದ. ಬೆನ್ನುಮೂಳೆಯ ಹತ್ತಿರ ಸೂಜಿ ಚುಚ್ಚಿ, ಮೆದುಳಿನ ಸುತ್ತಲಿನ ದ್ರವ ತೆಗೆದು, ಅದರ ಜಾಗಕ್ಕೆ ಗಾಳಿ ತುಂಬೋದು. ಆ ಗಾಳಿಯ ಆಕಾರ ಎಕ್ಸ್‌ರೇಯಲ್ಲಿ ಕಾಣ್ತಿತ್ತು. ರೋಗಿಗೆ ಮಾತ್ರ ವಿಪರೀತ ತಲೆನೋವು, ವಾಂತಿ. 1927ರಲ್ಲಿ ಲಿಸ್ಬನ್‌ನ ಎಗಾಸ್ ಮೊನಿಜ್ ಕುತ್ತಿಗೆಯ ರಕ್ತನಾಳಕ್ಕೆ ಬಣ್ಣದಂಥ ರಾಸಾಯನಿಕ ಹಾಕಿ ಮೆದುಳಿನ ನಾಳಗಳನ್ನು ಕಾಣಿಸಿದ. ಅರ್ಧ ಶತಮಾನ ವೈದ್ಯರು ಹೀಗೆ ನೆರಳು ನೋಡಿ ರೋಗ ಊಹಿಸಿದರು.

ಇದನ್ನು ಬದಲಿಸಿದವರು ಡಾಕ್ಟರೇ ಅಲ್ಲ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಇಂಗ್ಲೆಂಡಿನ ರೈತನ ಮಗ, ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಯುದ್ಧಕಾಲದಲ್ಲಿ ರೇಡಾರ್ ಪಾಠ ಹೇಳಿಕೊಟ್ಟು, ಆಮೇಲೆ ಇಎಂಐ ಕಂಪನಿಯಲ್ಲಿ ಕಂಪ್ಯೂಟರ್ ಕಟ್ಟಿದವರು. ಅವರ ಯೋಚನೆ ಸರಳ. ಒಂದು ಮುಚ್ಚಿದ ಪೆಟ್ಟಿಗೆಯ ಮೂಲಕ ಎಲ್ಲ ದಿಕ್ಕಿನಿಂದಲೂ ಕಿರಣ ಹಾಯಿಸಿ, ಪ್ರತಿ ಸಲ ಎಷ್ಟು ಹೊರಬಂತು ಅಂತ ಅಳೆದರೆ, ಒಳಗೆ ಎಲ್ಲೆಲ್ಲಿ ಏನಿದೆ ಅಂತ ಲೆಕ್ಕ ಹಾಕಬಹುದಲ್ವಾ? ಮೊದಲ ಪ್ರಯೋಗದಲ್ಲಿ ಅಳತೆ ಮುಗಿಯೋಕೆ 9 ದಿನ ಹಿಡೀತು. ಇದೇ ಗಣಿತವನ್ನು ಅಲನ್ ಕಾರ್ಮ್ಯಾಕ್ ಅನ್ನೋ ಭೌತಶಾಸ್ತ್ರಜ್ಞ 1963-64ರಲ್ಲೇ ಬರೆದು ಪ್ರಕಟಿಸಿದ್ದರು. ಆಗ ಹೆಚ್ಚು ಜನ ತಿರುಗಿಯೂ ನೋಡಲಿಲ್ಲ.

1971ರ ಅಕ್ಟೋಬರ್ 1. ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆ. ಮೆದುಳಿನ ಮುಂಭಾಗದಲ್ಲಿ ಗೆಡ್ಡೆ ಇರಬಹುದು ಅಂತ ಅನುಮಾನವಿದ್ದ ಮಹಿಳೆಯೊಬ್ಬರನ್ನು ಯಂತ್ರದಲ್ಲಿ ಮಲಗಿಸಿದರು. ರೇಡಿಯಾಲಜಿಸ್ಟ್ ಜೇಮ್ಸ್ ಆಂಬ್ರೋಸ್ ಜೊತೆಗಿದ್ದರು. ಲೆಕ್ಕ ಮಾಡೋ ಕಂಪ್ಯೂಟರ್ ಆಸ್ಪತ್ರೆಯಲ್ಲಿರಲಿಲ್ಲ, ಟೇಪನ್ನು ಬೇರೆ ಕಡೆ ಕಳಿಸಬೇಕಾಯ್ತು. ವಾಪಸ್ ಬಂದ ಚಿತ್ರದಲ್ಲಿ ಗೆಡ್ಡೆ ಸ್ಪಷ್ಟವಾಗಿ ಕಾಣ್ತಿತ್ತು. ಆಪರೇಷನ್ ಮಾಡಿದಾಗ ಗೆಡ್ಡೆ ಅಲ್ಲೇ ಸಿಕ್ಕಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಇಬ್ಬರಿಗೂ ನೊಬೆಲ್ ಬಂತು.

ಇಲ್ಲೊಂದು ವಿಷಯ ಗಮನಿಸಿ. ಆ ಚಿತ್ರ ಫೋಟೊ ಅಲ್ಲ. ಅಡ್ಡಕ್ಕೆ 80, ಉದ್ದಕ್ಕೆ 80 ಮನೆಗಳ ಕೋಷ್ಟಕ, ಅಂದ್ರೆ 6,400 ಅಂಕಿಗಳು. ನೀರಿಗೆ 0, ಗಾಳಿಗೆ ಮೈನಸ್ 1000 ಅನ್ನೋ ಅಳತೆಗೆ ಇವತ್ತಿಗೂ ಹೌನ್ಸ್‌ಫೀಲ್ಡ್ ಹೆಸರೇ ಇದೆ. ಆ ಅಂಕಿಗಳಿಗೆ ಕಪ್ಪು, ಬೂದು, ಬಿಳಿ ಬಣ್ಣ ಹಚ್ಚಿದ್ದು ನಮ್ಮ ಕಣ್ಣಿಗೋಸ್ಕರ. ಹಾಗಾಗಿ ಸ್ಕ್ಯಾನ್ ಲೋಕಕ್ಕೆ ಕಂಪ್ಯೂಟರ್ ಈಗ ಹೊಸದಾಗಿ ನುಗ್ಗಿದ್ದಲ್ಲ. ಅದು ಹುಟ್ಟಿದ ದಿನದಿಂದಲೂ ಅಲ್ಲೇ ಇತ್ತು.

ಈಗ ಲಕ್ವದ ವಿಷಯಕ್ಕೆ ಬರೋಣ. ಲಕ್ವಕ್ಕೆ ಎರಡು ಮುಖ್ಯ ಕಾರಣ. ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಳ್ಳುತ್ತೆ, ಇಲ್ಲವೇ ಒಡೆದು ರಕ್ತ ಸೋರುತ್ತೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. 1995ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು, 3 ಗಂಟೆಯೊಳಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ಟರೆ ಚೇತರಿಕೆ ಹೆಚ್ಚು ಅಂತ ತೋರಿಸಿತು. 2008ರ ಯುರೋಪಿನ ಅಧ್ಯಯನ ಆ ಗಡುವನ್ನು 4.5 ಗಂಟೆಗೆ ಏರಿಸಿತು. ಆದರೆ ನಾಳ ಒಡೆದವರಿಗೆ ಅದೇ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಮೊದಲು ಸ್ಕ್ಯಾನ್. ಇನ್ನು ಅವಸರ ಎಷ್ಟು? ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ 2006ರಲ್ಲಿ ನರವೈದ್ಯ ಜೆಫ್ರಿ ಸೇವರ್ ಲೆಕ್ಕ ಹಾಕಿದರು.

ಸ್ಕ್ಯಾನ್ 5 ನಿಮಿಷದಲ್ಲಿ ಮುಗಿಯಬಹುದು. ಅದನ್ನು ಓದೋ ತಜ್ಞರು ರಾತ್ರಿ 2 ಗಂಟೆಗೆ ಎಲ್ಲಿರ್ತಾರೆ? ಮಷಿನ್ ಲರ್ನಿಂಗ್‌ಗೆ ಕೆಲಸ ಸಿಕ್ಕಿದ್ದೇ ಇಲ್ಲಿ. 2018ರ ಫೆಬ್ರವರಿಯಲ್ಲಿ ಅಮೆರಿಕದ ಎಫ್‌ಡಿಎ, ದೊಡ್ಡ ನಾಳ ಕಟ್ಟಿಕೊಂಡಿದೆಯೇನೋ ಅಂತ ಸ್ಕ್ಯಾನ್ ಜಾಲಾಡಿ ತಜ್ಞರ ಮೊಬೈಲಿಗೆ ಸಂದೇಶ ಕಳಿಸೋ ವಿಜ್.ಎಐ ಕಂಪನಿಯ ಸಾಫ್ಟ್‌ವೇರಿಗೆ ಅನುಮತಿ ಕೊಟ್ಟಿತು. ಅದೇ ವರ್ಷ ಮುಂಬೈನ ಕ್ಯೂರ್.ಎಐ ತಂಡದ ಅಧ್ಯಯನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಭಾರತದ ಸುಮಾರು 20 ಕೇಂದ್ರಗಳ 3,13,318 ತಲೆ ಸ್ಕ್ಯಾನ್‌ಗಳನ್ನು, ಅವುಗಳ ವರದಿಗಳ ಜೊತೆಗೆ, ಆ ತಂಡ ಸಂಗ್ರಹಿಸಿತ್ತು. ರಕ್ತಸ್ರಾವ, ಬುರುಡೆ ಬಿರುಕು ಇವನ್ನೆಲ್ಲ ಗುರುತಿಸೋದನ್ನು ಯಂತ್ರಕ್ಕೆ ಕಲಿಸಿದ್ದರು. ಆ ವರದಿ ಬರೆದವರು ಯಾರು? ನಮ್ಮದೇ ರೇಡಿಯಾಲಜಿಸ್ಟ್‌ಗಳು. ಅಂದ್ರೆ ಯಂತ್ರದ ಜಾಣತನದ ಹಿಂದೆ ಅವರ ವರ್ಷಗಟ್ಟಲೆಯ ದುಡಿಮೆ ಇದೆ.

ಎಐ ಗುರು ಜೆಫ್ರಿ ಹಿಂಟನ್ 2016ರಲ್ಲಿ, ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡೋದನ್ನು ಈಗಲೇ ನಿಲ್ಲಿಸಬೇಕು ಅಂದಿದ್ದರು. ಹಾಗೇನೂ ಆಗಲಿಲ್ಲ. ಯಂತ್ರ ಕಲಿತದ್ದು ಒಂದು ಕಡೆಯ ಸ್ಕ್ಯಾನ್‌ಗಳಿಂದ. ಬೇರೆ ಆಸ್ಪತ್ರೆ, ಬೇರೆ ಮಷಿನ್, ಬೇರೆ ರೋಗಿಗಳು ಬಂದಾಗ ಅದು ಎಡವಬಹುದು. ಅದು ‘ಏನೂ ಇಲ್ಲ’ ಅಂದಾಗ ಎಲ್ಲರೂ ನಿರಾಳವಾಗಿ ಕೂತರೆ ಅಪಾಯ ಅಲ್ಲೇ. ಆದ್ದರಿಂದ ಇವತ್ತು ಅದರ ಸರಿಯಾದ ಜಾಗ ಆಸ್ಪತ್ರೆಯ ಸಾಲಿನಲ್ಲಿ ‘ಇವರನ್ನು ಮೊದಲು ನೋಡಿ’ ಅಂತ ಕೈ ತೋರಿಸೋದು. ತೀರ್ಮಾನ, ಅದರ ಹೊಣೆ ಎರಡೂ ಡಾಕ್ಟರದ್ದೇ.

ಕೊನೆಯದಾಗಿ ನಮ್ಮ ಕೈಲಿರೋ ಒಂದು ಮಾತು. ರೋಗಿ ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ? ಇಂಜೆಕ್ಷನ್ ಕೊಡಬೇಕೋ ಬೇಡವೋ ಅನ್ನೋದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಅದನ್ನು ಹೇಳಬಲ್ಲವರು ಪಕ್ಕದಲ್ಲಿದ್ದ ಮನೆಯವರು. ಬಾಯಿ ಸೊಟ್ಟಗಾಯ್ತಾ, ಕೈ ಸೋತಿತಾ, ಮಾತು ತೊದಲಿತಾ? ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ‘ಬೆಳಗ್ಗೆ ನೋಡೋಣ’ ಅನ್ನಬೇಡಿ. ನೀವು ಬಾಗಿಲಿಗೆ ಬಂದ ಮೇಲಷ್ಟೇ ಯಂತ್ರದ ಕೆಲಸ ಶುರು.