ಕೆರೆಯಂಗಳದಲ್ಲಿ ಚೆಂಡಾಟ

ಗೊಟ್ಟಿಗೆರೆಯ ಹೆಸರಿನ ತುದಿಯಲ್ಲೇ ಕೆರೆಯಿದೆ. ಬನ್ನೇರುಘಟ್ಟ ರಸ್ತೆಯ ಮಗ್ಗುಲಿನ ಆ ನೀರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಊರಿನ ಮತ್ತೊಂದು ಅಂಚಿನಲ್ಲಿರುವ ಗೋಲ್ಫ್ ಮೈದಾನ. ಸಂಬಂಧ ವಿಚಿತ್ರವೆನಿಸೀತು, ಆದರೆ ನೀರಿನ ಲೆಕ್ಕದಲ್ಲಿ ಇವೆರಡೂ ದಾಯಾದಿಗಳು. ಗೊಟ್ಟಿಗೆರೆ ಕೋಡಿ ಬಿದ್ದರೆ ಆ ನೀರು ಹುಳಿಮಾವು, ಮಡಿವಾಳ ಕೆರೆಗಳ ಸಾಲು ಹಿಡಿದು ಬೆಳ್ಳಂದೂರಿಗೆ ಇಳಿಯುತ್ತದೆ. ಅದೇ ಬೆಳ್ಳಂದೂರಿಗೆ ಇನ್ನೊಂದು ದಿಕ್ಕಿನಿಂದ ಬಂದು ಸೇರುವುದು ಚಲ್ಲಘಟ್ಟದ ಕಣಿವೆ. ಅಲ್ಲಿಯೂ ಒಂದು ಕೆರೆಯಿತ್ತು. 1973ರಲ್ಲಿ ಸ್ಥಾಪಿತವಾದ ಕರ್ನಾಟಕ ಗೋಲ್ಫ್ ಸಂಸ್ಥೆಯ ಮೈದಾನ ಹರಡಿಕೊಂಡಿರುವುದು ಅದರ ಅಂಗಳದಲ್ಲಿಯೇ. ಬ್ರಿಟಿಷ್ ಓಪನ್ ಪಂದ್ಯವನ್ನು ಐದು ಬಾರಿ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಅದರ ವಿನ್ಯಾಸಕಾರ.

ಈ ಆಟ ಬೆಂಗಳೂರಿಗೆ ಹೊಸದೇನೂ ಅಲ್ಲ. ಬೆಂಗಳೂರು ಗೋಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ. ಅದು ಈಗ ಇರುವ ಜಾಗದ ಹೆಸರು ಹೈಗ್ರೌಂಡ್ಸ್, ಎಂದರೆ ಎತ್ತರದ ನೆಲ. ಎತ್ತರದಲ್ಲಿ ಬಿದ್ದ ಮಳೆ ತಾನಾಗಿ ಇಳಿದುಹೋಗುತ್ತದೆ. ಕೆರೆಯಂಗಳದ ಮಾತು ಹಾಗಲ್ಲ; ಸುತ್ತಲಿನ ನೀರಿಗೆಲ್ಲ ಅದು ತವರುಮನೆ.

ಗೋಲ್ಫ್ ಮೈದಾನದ ನವೀಕರಣವೆಂದರೆ ಹುಲ್ಲು ಕಿತ್ತು ಹುಲ್ಲು ನೆಡುವುದಷ್ಟೇ ಎಂದು ಹಲವರು ಭಾವಿಸಿದ್ದಾರೆ. ಚೆಂಡನ್ನು ಗುಳಿಗೆ ಉರುಳಿಸುವ ನುಣುಪಾದ ಅಂಗಳ, ಅವರ ಭಾಷೆಯ 'ಗ್ರೀನ್', ಮೇಲೆ ಹುಲ್ಲಾದರೂ ಒಳಗೆ ಒಂದು ಕಟ್ಟಡವೇ ಸರಿ. ಅಮೆರಿಕದ ಗೋಲ್ಫ್ ಸಂಸ್ಥೆ 1960ರಲ್ಲಿ ಪ್ರಕಟಿಸಿದ ಕ್ರಮದಂತೆ ತಳದಲ್ಲಿ ನೀರು ಬಸಿಯುವ ಕೊಳವೆ, ಅದರ ಮೇಲೆ ನಾಲ್ಕು ಅಂಗುಲ ಜಲ್ಲಿ, ಅದರ ಮೇಲೆ ಒಂದು ಅಡಿ ಮರಳುಮಿಶ್ರಣ. ಅರ್ಧ ಕೆಲಸವಾದಾಗ ಜಡಿಮಳೆ ಹಿಡಿಯಿತೆನ್ನಿ: ಕೆಸರು ಹರಿದುಬಂದು ಶುದ್ಧ ಮರಳಿನಲ್ಲಿ ಬೆರೆಯುತ್ತದೆ, ಹಾಕಿದ್ದನ್ನು ತೆಗೆದು ಮತ್ತೆ ಹಾಕಬೇಕು. ತಳದ ಜೇಡಿ ತೊಯ್ದಿರುವಾಗ ಯಂತ್ರ ಇಳಿಸಿದರೆ ಮಣ್ಣು ಗಟ್ಟಿಕಟ್ಟಿ, ಮುಂದೆ ನೀರನ್ನು ಕೆಳಗೆ ಬಿಡುವುದೇ ಇಲ್ಲ. ಆದುದರಿಂದ ಮಳೆ ನಿಂತರೂ ಕೆಲಸ ಕೂಡಲೇ ತೊಡಗದು. ನೆಲ ಆರುವ ತನಕ ಕಾಯಬೇಕು. ಒಂದು ಸಂಜೆಯ ಮಳೆಗೆ ಹಲವು ದಿನಗಳ ರಜೆ! ಇನ್ನೊಂದು ಇಕ್ಕಟ್ಟೂ ಇದೆ. ಮಣ್ಣಿನ ಕೆಲಸಕ್ಕೆ ಬೇಡವಾದ ಮಳೆಯೇ ನೆಟ್ಟ ಹುಲ್ಲು ಬೇರೂರಲು ಬೇಕು.

ಈ ಪಂಚಾಂಗ ನಮ್ಮ ಹಳ್ಳಿಗರಿಗೆ ಗೊತ್ತಿದ್ದುದೇ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳೆತ್ತಿ, ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸಿ, ಏರಿ ತೂಬುಗಳನ್ನು ಮುಂಗಾರಿಗೆ ಮೊದಲೇ ಸರಿಪಡಿಸುತ್ತಿದ್ದರು. ಬೆಂಗಳೂರಿನಲ್ಲಿ ಮೇ ತಿಂಗಳಲ್ಲೇ ಗುಡುಗುಮಳೆ, ವರ್ಷದ ಅತಿ ಹೆಚ್ಚು ಮಳೆ ಸೆಪ್ಟೆಂಬರಿನಲ್ಲಿ, ಅಕ್ಟೋಬರಿಗೆ ಹಿಂಗಾರು. ಉಳಿದ ಒಣ ತಿಂಗಳುಗಳೆಷ್ಟೆಂದು ಬೆರಳಲ್ಲೇ ಎಣಿಸಬಹುದು. ಗುತ್ತಿಗೆಯ ಕರಾರಿನಲ್ಲಿ ಈ ಎಣಿಕೆಯಿಲ್ಲದಿದ್ದರೆ ವಿಳಂಬದ ಹೊಣೆಯನ್ನು ಮಳೆಯ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದು ನನ್ನ ಮತ.

ಆಟದ ಬಯಲಿನಲ್ಲಿ ನೀರು ನಿಂತರೆ ಕೆಡುವುದು ಆಟ ಮಾತ್ರ. ಗೊಟ್ಟಿಗೆರೆಯ ಕೆಳಗಿನ ಹುಳಿಮಾವು ಕೆರೆಯ ಏರಿ 2019ರ ನವೆಂಬರಿನಲ್ಲಿ ಒಡೆದಾಗ ನೀರು ನುಗ್ಗಿದ್ದು ನೂರಾರು ಮನೆಗಳಿಗೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ರಸ್ತೆಗಳ ಮೇಲೆ ದೋಣಿ ನಡೆದವು, ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಿದರು. ಮೈದಾನದವರಿಗಾದರೆ ಬಸಿಗೊಳವೆ ಹೂಳಲು ಹಣವುಂಟು. ಆ ಕೊಳವೆ ಹೊರಹಾಕಿದ ನೀರೂ ಇಳಿಯುವುದು ಕೆಳಗಿನ ಬೆಳ್ಳಂದೂರಿನ ಕಡೆಗೇ.